6ನೇ ದಿನದ ಒಂದೇ ಗೆರೆ: ಮನೆಯಲ್ಲಿ ಲೈಂಗಿಕ ಸೋಂಕಿನ ಟೆಸ್ಟ್ ಯಾವಾಗ ಮಾಡಬೇಕು?

"ಒಂದೇ ಗೆರೆ ಬಂದಿದೆ ಅಕ್ಕಾ. ಹಾಗಂದ್ರೆ ನೆಗೆಟಿವ್ ತಾನೇ? ಇನ್ನು ಇದನ್ನ ಮರೆತುಬಿಡಬಹುದಲ್ವಾ?"

ಒಂದು ಶುಕ್ರವಾರ ಬೆಳಿಗ್ಗೆ ಬಂದ ಫೋನ್ ಇದು. ನಾನು ಲೈಂಗಿಕ ಆರೋಗ್ಯದ ಕೌನ್ಸೆಲರ್. ಫೋನ್ ಮಾಡಿದವಳಿಗೆ 26 ವರ್ಷ. ಅವಳ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ, ಗುರುತು ಸಿಗುವಂಥ ವಿವರ ಒಂದನ್ನೂ ಇಟ್ಟಿಲ್ಲ. ಈ ಪ್ರಕರಣದಲ್ಲಿ ದೊಡ್ಡ ಅನಾಹುತವೇನೂ ನಡೆಯಲಿಲ್ಲ. ಆದರೂ ಬರೆಯಬೇಕು ಅನ್ನಿಸಿತು, ಯಾಕೆಂದರೆ ಅವಳು ಮಾಡಿದ ಟೆಸ್ಟ್‌ಗಳೆಲ್ಲ ಸರಿಯಾಗಿಯೇ ಇದ್ದವು. ತಪ್ಪಿದ್ದು ದಿನಗಳ ಲೆಕ್ಕ. ಅದೂ ಒಂದು ಸಲ ಅಲ್ಲ, ಎರಡು ಸಲ.

ಹಿಂದಿನ ಶನಿವಾರ ರಾತ್ರಿ ಹೊಸ ಸಂಗಾತಿಯ ಜೊತೆ ಇದ್ದಾಗ ಕಾಂಡೋಮ್ ಹರಿದಿತ್ತು. ಇಬ್ಬರಿಗೂ ಗೊತ್ತಾಗಿದ್ದು ಎಲ್ಲ ಮುಗಿದ ಮೇಲೆ. ಸೋಮವಾರ ಅವಳು ಗರ್ಭ ತಡೆಯುವ ತುರ್ತು ಮಾತ್ರೆ ತೆಗೆದುಕೊಂಡಳು. ಅದು ಒಳ್ಳೆಯ ಕೆಲಸವೇ. ಆಮೇಲೆ ನಾಲ್ಕು ದಿನ ಯಾರ ಹತ್ತಿರವೂ ಹೇಳದೆ ಒಳಗೊಳಗೇ ಬೆಂದಳು. ಆನ್‌ಲೈನ್‌ನಲ್ಲಿ ಎಚ್‌ಐವಿ ಕಿಟ್ ತರಿಸಿ, ಶುಕ್ರವಾರ ಬೆಳಿಗ್ಗೆ ಬಾತ್‌ರೂಮಿನಲ್ಲಿ ಕೂತು ಬೆರಳು ಚುಚ್ಚಿಕೊಂಡು ನೋಡಿದಳು. ಕಿಟ್ ಕೆಲಸ ಮಾಡಿದೆ ಅಂತ ತೋರಿಸುವ, ಸಿ ಅಂತ ಬರೆದಿದ್ದ ಕಡೆ ಒಂದು ಗೆರೆ ಬಂತು. ಸೋಂಕು ಸಿಕ್ಕರೆ ಗೆರೆ ಮೂಡುವ ಟಿ ಕಡೆ ಏನೂ ಇಲ್ಲ.

ಅವಳ ದನಿಯಲ್ಲಿ ಒಂದು ವಾರದ ಭಾರ ಇಳಿದ ಹಗುರ ಇತ್ತು. ಅದನ್ನು ಕೆಡಿಸುವ ಮಾತು ಹೇಳಬೇಕಲ್ಲ ಅಂತ ನನಗೇ ಸಂಕಟವಾಯಿತು.

"ಟೆಸ್ಟ್ ಸರಿಯಾಗೇ ಮಾಡಿದ್ದೀಯ. ಆದ್ರೆ ಆ ಶನಿವಾರ ರಾತ್ರಿಯ ಬಗ್ಗೆ ಈ ಗೆರೆಗೆ ಇನ್ನೂ ಏನೂ ಗೊತ್ತಿಲ್ಲ" ಅಂದೆ.

ಗೆರೆಗೆ ಏನು ಗೊತ್ತು, ಏನು ಗೊತ್ತಿಲ್ಲ

ಮನೆಯಲ್ಲಿ ಮಾಡುವ ಬಹುಪಾಲು ಎಚ್‌ಐವಿ ಕಿಟ್‌ಗಳು ವೈರಸ್ಸನ್ನು ಹುಡುಕುವುದಿಲ್ಲ. ವೈರಸ್ ಬಂದ ಮೇಲೆ ನಮ್ಮ ಮೈ ತಯಾರಿಸುವ ಆಂಟಿಬಾಡಿಯನ್ನು ಹುಡುಕುತ್ತವೆ. ಆಂಟಿಬಾಡಿ ರಾತ್ರೋರಾತ್ರಿ ಹುಟ್ಟುವುದಲ್ಲ. ಕಿಟ್ ಹಿಡಿಯುವಷ್ಟು ಆಗಲು ಕೆಲವರಿಗೆ 23 ದಿನ ಸಾಕು, ಕೆಲವರಿಗೆ 90 ದಿನ ಬೇಕು. ನಡುವಿನ ಈ ಕಾಲಕ್ಕೆ ವಿಂಡೋ ಪೀರಿಯಡ್ ಅನ್ನುತ್ತಾರೆ. ಬೀಜ ಬಿತ್ತಿದ ಮಾರನೇ ದಿನ ಹೊಲಕ್ಕೆ ಹೋಗಿ ನೋಡಿದರೆ ಮಣ್ಣು ಬಿಟ್ಟು ಬೇರೇನೂ ಕಾಣುವುದಿಲ್ಲ. ಹಾಗಂತ ಬಿತ್ತನೆಯೇ ಆಗಿಲ್ಲ ಅನ್ನುವುದಕ್ಕೆ ಬರುತ್ತಾ?

ಹಾಗಾದರೆ ಅವಳ 6ನೇ ದಿನದ ಟೆಸ್ಟ್ ವ್ಯರ್ಥವಾಯಿತಾ? ಇಲ್ಲ. ಮೂರು ತಿಂಗಳಿಗಿಂತ ಹಳೆಯ ಕಾಲದ ಬಗ್ಗೆ ಅದು ಉತ್ತರ ಕೊಟ್ಟಿತ್ತು. ಅವಳ ಹಿಂದಿನ ಸಂಬಂಧ ಮುಗಿದು 7 ತಿಂಗಳಾಗಿತ್ತು, ಅಲ್ಲಿಂದ ಎಚ್‌ಐವಿ ಬಂದಿಲ್ಲ ಅನ್ನುವುದು ಆ ಗೆರೆಯಿಂದ ತಿಳಿಯಿತು. ಉತ್ತರವೇನೋ ನಿಜ. ಅವಳು ಕೇಳಿದ ಪ್ರಶ್ನೆ ಮಾತ್ರ ಬೇರೆ.

ಇಲ್ಲಿ ಇನ್ನೊಂದು ವಿಷಯ ಹೇಳಲೇಬೇಕು. ಇದನ್ನು ನೆನೆಸಿಕೊಂಡರೆ ನನಗೆ ಈಗಲೂ ಬೇಜಾರು. ಇಂಥ ಘಟನೆ ನಡೆದ ಮೊದಲ ಮೂರು ದಿನ ಕಿಟ್ ತರಿಸುವ ದಿನಗಳಲ್ಲ, ಡಾಕ್ಟರ್ ಹತ್ತಿರ ಓಡುವ ದಿನಗಳು. ಎಚ್‌ಐವಿ ತಗುಲಿರುವ ಸಾಧ್ಯತೆ ಇದ್ದರೆ ಅದು ಮೈಯಲ್ಲಿ ನೆಲೆಯೂರದಂತೆ ತಡೆಯುವ ಔಷಧಿ ಇದೆ. ಅದಕ್ಕೆ ಪೆಪ್ ಅಂತ ಹೆಸರು. 72 ಗಂಟೆಯೊಳಗೆ ಶುರು ಮಾಡಬೇಕು, 28 ದಿನ ತಪ್ಪದೆ ತೆಗೆದುಕೊಳ್ಳಬೇಕು. ಎಷ್ಟು ಬೇಗ ಶುರುವಾದರೆ ಅಷ್ಟು ಒಳ್ಳೆಯದು. ಎಲ್ಲರಿಗೂ ಬೇಕಾಗುವುದಿಲ್ಲ. ಸಂಗಾತಿಗೆ ಎಚ್‌ಐವಿ ಇದೆಯಾ, ಇದ್ದರೆ ಚಿಕಿತ್ಸೆಯಲ್ಲಿದ್ದಾರಾ, ಏನು ನಡೆಯಿತು ಅನ್ನುವುದನ್ನೆಲ್ಲ ಕೇಳಿ ಡಾಕ್ಟರ್ ತೀರ್ಮಾನ ಮಾಡುತ್ತಾರೆ. ಆದರೆ ಕೇಳುವುದಕ್ಕಾದರೂ ನಾವು ಅಲ್ಲಿಗೆ ಹೋಗಿರಬೇಕಲ್ವಾ? ಅವಳಿಗೆ ಪೆಪ್ ಅನ್ನುವುದೊಂದಿದೆ ಅಂತಲೇ ಗೊತ್ತಿರಲಿಲ್ಲ. ಕಿಟ್ ಮನೆಗೆ ಬರಲಿ ಅಂತ ಕಾಯುತ್ತಿದ್ದಾಗಲೇ ಆ 72 ಗಂಟೆ ಕಳೆದುಹೋಗಿತ್ತು.

ಕ್ಯಾಲೆಂಡರ್

ಅವತ್ತು ನಾವು ಫೋನಿನಲ್ಲೇ ಒಂದು ಕ್ಯಾಲೆಂಡರ್ ಮಾಡಿಕೊಂಡೆವು. ಶನಿವಾರ ರಾತ್ರಿಯನ್ನು ಸೊನ್ನೆ ಅಂತ ಗುರುತು ಹಾಕಿಸಿದೆ. ಅಲ್ಲಿಂದ ಎಣಿಸಬೇಕು.

ಎರಡು ವಾರ ದಾಟಿದ ಮೇಲೆ ಕ್ಲಮೈಡಿಯಾ ಮತ್ತು ಗೊನೊರಿಯಾ ಅನ್ನುವ ಲೈಂಗಿಕ ಸೋಂಕುಗಳ ಟೆಸ್ಟ್. ಇವಕ್ಕೆ ಅಷ್ಟು ಬೇಗ ಯಾಕೆಂದರೆ ಈ ಟೆಸ್ಟ್ ಆಂಟಿಬಾಡಿಗೆ ಕಾಯುವುದಿಲ್ಲ, ರೋಗಾಣುವಿನ ವಂಶವಾಹಿಯನ್ನೇ ನೇರವಾಗಿ ಹುಡುಕುತ್ತದೆ. ರೋಗಾಣು ಸಿಗುವಷ್ಟು ಹೆಚ್ಚಿದ್ದರೆ ಸಾಕು. ಎಚ್‌ಐವಿಗೆ ಎರಡು ದಾರಿ ಹೇಳಿದೆ: 45 ದಿನ ಕಳೆದ ಮೇಲೆ ಲ್ಯಾಬಿನಲ್ಲಿ ರಕ್ತನಾಳದಿಂದ ರಕ್ತ ಕೊಟ್ಟು ಆಂಟಿಜನ್ (ವೈರಸ್ಸಿನದೇ ಒಂದು ಭಾಗ), ಆಂಟಿಬಾಡಿ ಎರಡನ್ನೂ ನೋಡುವ ಟೆಸ್ಟ್ ಮಾಡಿಸುವುದು, ಇಲ್ಲವೇ 90 ದಿನ ಕಾದು ಮನೆಯ ಕಿಟ್ ಬಳಸುವುದು. ಸಿಫಿಲಿಸ್ ಅನ್ನುವ ಇನ್ನೊಂದು ಲೈಂಗಿಕ ಸೋಂಕಿಗೆ 12 ವಾರ. ಅದರ ನೋವಿಲ್ಲದ ಹುಣ್ಣು ಕಾಣಿಸುವುದಕ್ಕೇ 10ರಿಂದ 90 ದಿನ ಬೇಕು. ಆ ಹುಣ್ಣು ಔಷಧಿ ಮಾಡದಿದ್ದರೂ ಕೆಲವು ವಾರಗಳಲ್ಲಿ ತಾನಾಗಿ ಮಾಯುತ್ತದೆ. ಜನ ಮೋಸ ಹೋಗುವುದು ಅಲ್ಲೇ.

"ಒಂದೇ ಸಲಕ್ಕೆ 10 ಸೋಂಕು ನೋಡೋ ಪ್ಯಾಕೇಜ್ ಇದೆಯಂತೆ ಅಕ್ಕಾ, ಅದನ್ನೇ ತರಿಸಲಾ?" ಅಂತ ಕೇಳಿದಳು.

ಬೇಡ ಅಂದೆ. ಅಂಥ ಪ್ಯಾಕೇಜ್‌ಗಳಲ್ಲಿ ಹರ್ಪಿಸ್‌ನ ರಕ್ತ ಪರೀಕ್ಷೆಯೂ ಸೇರಿರುತ್ತದೆ. ಗುಳ್ಳೆ, ಹುಣ್ಣು ಏನೂ ಇಲ್ಲದವರು ಅದನ್ನು ಮಾಡಿಸುವುದರಿಂದ ಲಾಭಕ್ಕಿಂತ ಗೋಳೇ ಜಾಸ್ತಿ. ಚಿಕ್ಕ ವಯಸ್ಸಿನಲ್ಲಿ ತುಟಿಯ ಮೇಲೆ ಎದ್ದ ಗುಳ್ಳೆಯ ವೈರಸ್ಸಿಗೂ ಅದು ಪಾಸಿಟಿವ್ ತೋರಿಸಬಹುದು. ಸೋಂಕೇ ಇಲ್ಲದವರಿಗೂ ಪಾಸಿಟಿವ್ ಬರುವುದುಂಟು. ಹರ್ಪಿಸ್ ಗೊತ್ತಾಗಬೇಕಾದರೆ ಗುಳ್ಳೆ ಇರುವಾಗ ಡಾಕ್ಟರ್ ಅಲ್ಲಿಂದಲೇ ಸ್ಯಾಂಪಲ್ ತೆಗೆಯಬೇಕು. ಎಲ್ಲವನ್ನೂ ಒಂದೇ ದಿನ ನೋಡುವ ಪ್ಯಾಕೇಜಿಗೆ ಇನ್ನೊಂದು ಕೊರತೆಯೂ ಇದೆ. ಎಲ್ಲ ಸೋಂಕಿಗೂ ಸರಿಹೊಂದುವ ಒಂದೇ ದಿನ ಬೇಕೆಂದರೆ ಮೂರು ತಿಂಗಳೇ ಕಾಯಬೇಕು.

ಕೊನೆಗೆ ಒಂದು ಮಾತು ಬರೆಸಿದೆ. ಹೊಟ್ಟೆಯ ಕೆಳಭಾಗ ನೋವು, ಜ್ವರ, ಹುಣ್ಣು, ಬಣ್ಣ ಅಥವಾ ವಾಸನೆ ಬದಲಾದ ಸ್ರಾವ, ಉರಿಮೂತ್ರ, ಸಂಭೋಗದ ನಂತರ ರಕ್ತ: ಇವುಗಳಲ್ಲಿ ಒಂದು ಕಂಡರೂ ಕ್ಯಾಲೆಂಡರ್ ಪಕ್ಕಕ್ಕಿಟ್ಟು ಸೀದಾ ಡಾಕ್ಟರ್ ಹತ್ತಿರ ಹೋಗಬೇಕು. ಗಂಡಸರಿಗೆ ವೃಷಣದ ಊತ, ನೋವು ಬಂದರೂ ಅಷ್ಟೇ. ಮನೆ ಟೆಸ್ಟ್ ಇರುವುದು ಲಕ್ಷಣವಿಲ್ಲದೆ ಸುಮ್ನೆ ಇರುವ ಸೋಂಕು ಹುಡುಕುವುದಕ್ಕೆ. ಬಸುರಿಯರು, ಬಲಾತ್ಕಾರಕ್ಕೆ ಒಳಗಾದವರು ಕಿಟ್ ನೆಚ್ಚಿಕೊಂಡು ಒಬ್ಬರೇ ಕೂರಬಾರದು. ಅವರಿಗೆ ಬೇಕಾಗಿರುವುದು ಟೆಸ್ಟ್ ಒಂದೇ ಅಲ್ಲ.

15ನೇ ದಿನ

ಭಾನುವಾರ ಅವಳು ವಿಡಿಯೋ ಕಾಲ್ ಮಾಡಿ ಕಿಟ್ ಬಿಚ್ಚಿ ತೋರಿಸಿದಳು. ಒಂದು ಉದ್ದನೆಯ ಸ್ವಾಬ್ ಕಡ್ಡಿ, ತಿಳಿ ದ್ರವ ಇರುವ ಒಂದು ಪುಟ್ಟ ಟ್ಯೂಬ್, ಹೆಸರು ಮತ್ತು ದಿನಾಂಕ ಬರೆಯುವ ಸ್ಟಿಕ್ಕರ್. ಈ ದ್ರವವನ್ನು ಚೆಲ್ಲಿ ಟ್ಯೂಬ್ ತೊಳೆದುಬಿಡುವವರಿದ್ದಾರೆ, ಹಾಗಾಗಿ ಮೊದಲೇ ಎಚ್ಚರಿಸಿದೆ. ಸ್ಯಾಂಪಲ್ ಕೆಡದಂತೆ ಕಾಪಾಡುವುದೇ ಆ ದ್ರವ. ಕಡ್ಡಿಯನ್ನು ಯೋನಿಯೊಳಗೆ ಸುಮಾರು 5 ಸೆಂಟಿಮೀಟರ್ ಬಿಟ್ಟು, ಗೋಡೆಗೆ ತಾಗುವ ಹಾಗೆ ಅರ್ಧ ನಿಮಿಷ ಮೆಲ್ಲಗೆ ತಿರುಗಿಸಿ, ಟ್ಯೂಬಿಗೆ ಇಳಿಸಿ, ಕಡ್ಡಿಯ ಮೇಲೆ ಗುರುತಿರುವ ಕಡೆ ಲಟಕ್ಕೆಂದು ಮುರಿದು ಮುಚ್ಚಳ ಬಿಗಿ ಮಾಡಬೇಕು. ಅವಳು ಕ್ಯಾಮೆರಾ ಆಫ್ ಮಾಡಿ ಹೋಗಿ, ನಾಲ್ಕು ನಿಮಿಷದಲ್ಲಿ ವಾಪಸ್ ಬಂದಳು. "ಇಷ್ಟೇನಾ?" ಅಂದಳು. ಇಷ್ಟೇ.

ಹೆಂಗಸರಿಗೆ ಮೂತ್ರಕ್ಕಿಂತ ಈ ಸ್ವಾಬ್ ಒಳ್ಳೆಯದು, ಸೋಂಕು ತಪ್ಪಿಸಿಕೊಳ್ಳುವ ಸಾಧ್ಯತೆ ಕಡಿಮೆ. ಗಂಡಸರು ಮೂತ್ರವನ್ನೇ ಕೊಡಬಹುದು. ಆದರೆ ಅದಕ್ಕೆ ಮುಂಚೆ ಕನಿಷ್ಠ ಒಂದು ಗಂಟೆ ಮೂತ್ರಕ್ಕೆ ಹೋಗಿರಬಾರದು, ಹಿಡಿಯಬೇಕಾದ್ದು ಮೊದಲು ಬರುವ ಮೂತ್ರ. ಬೇರೆ ಮೂತ್ರ ಪರೀಕ್ಷೆಗಳಲ್ಲಿ ಮೊದಲಿನದನ್ನು ಬಿಟ್ಟು ನಡುವಿನದನ್ನು ಹಿಡಿದು ಅಭ್ಯಾಸವಾದವರು ಇಲ್ಲೂ ಹಾಗೇ ಮಾಡುತ್ತಾರೆ. ನಾಳದ ಗೋಡೆಯಲ್ಲಿ ಕೂತ ರೋಗಾಣುವನ್ನು ತೊಳೆದುಕೊಂಡು ಬರುವುದೇ ಆ ಮೊದಲ ಭಾಗ. ಅದನ್ನು ಚೆಲ್ಲಿದರೆ ಟೆಸ್ಟಿಗೆ ಏನು ಉಳಿಯಿತು?

ಸ್ವಲ್ಪ ಹೊತ್ತು ಸುಮ್ಮನಿದ್ದು ಅವಳೇ ಕೇಳಿದಳು, "ಅಕ್ಕಾ, ಬಾಯಿಂದ ಮಾಡಿದ್ರೆ?" ಕೇಳಿದ್ದು ಒಳ್ಳೆಯದಾಯಿತು. ಗಂಟಲಲ್ಲಿರುವ ಗೊನೊರಿಯಾ ಯೋನಿಯ ಸ್ವಾಬ್‌ನಲ್ಲಿ ಸಿಗುವುದಿಲ್ಲ. ಗುದದ್ದೂ ಹಾಗೇ. ಎಲ್ಲಿ ಸಂಪರ್ಕವಾಗಿದೆಯೋ ಅಲ್ಲಿಂದಲೇ ಸ್ಯಾಂಪಲ್ ಹೋಗಬೇಕು. ಅವಳ ಕಿಟ್‌ನಲ್ಲಿ ಗಂಟಲಿನ ಕಡ್ಡಿ ಇರಲಿಲ್ಲ, ಹಾಗಾಗಿ ಅದನ್ನು ಬೇರೆಯಾಗಿ ತರಿಸಿ, ಎರಡನ್ನೂ ಲ್ಯಾಬಿಗೆ ಕಳಿಸಿದಳು.

20ನೇ ದಿನ

ಗೊನೊರಿಯಾ ಇಲ್ಲ, ಗಂಟಲಲ್ಲೂ ಇಲ್ಲ. ಕ್ಲಮೈಡಿಯಾ ಪಾಸಿಟಿವ್.

"ನಂಗೇನೂ ಆಗಿಲ್ವಲ್ಲ ಅಕ್ಕಾ. ನೋವಿಲ್ಲ, ಸ್ರಾವ ಇಲ್ಲ, ಏನೂ ಇಲ್ಲ."

ಕ್ಲಮೈಡಿಯಾ ಬಂದ ಹೆಚ್ಚಿನ ಹೆಂಗಸರು ಹೇಳುವುದು ಇದೇ ಮಾತು. ಲಕ್ಷಣವೇ ಇರುವುದಿಲ್ಲ. ಹಾಗೇ ಬಿಟ್ಟರೆ ಗರ್ಭನಾಳಕ್ಕೆ ಏರಿ ಅಲ್ಲಿ ಗಾಯ ಮಾಡಿ, ಮುಂದೆ ಮಕ್ಕಳಾಗುವುದಕ್ಕೇ ತೊಂದರೆ ಕೊಡಬಹುದು. ಅವಳು ಒಬ್ಬಳೇ ಅಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2020ರಲ್ಲಿ 15ರಿಂದ 49 ವಯಸ್ಸಿನವರಲ್ಲಿ ಹೊಸದಾಗಿ ಕಂಡ ಕ್ಲಮೈಡಿಯಾ ಸೋಂಕುಗಳೇ 12.9 ಕೋಟಿ. ಆ ಸಂಖ್ಯೆ ಹೇಳಿದಾಗ ಅವಳು ಮೊದಲ ಸಲ ಅಳು ನಿಲ್ಲಿಸಿದಳು. ತಾನು ಕೆಟ್ಟವಳು ಅನ್ನುವ ಯೋಚನೆ ಅವಳನ್ನು ಸೋಂಕಿಗಿಂತ ಜಾಸ್ತಿ ಸುಡುತ್ತಿತ್ತು.

ಆಮೇಲೆ ಸಿಟ್ಟು ಬಂತು. "ಅವನೇ ಕೊಟ್ಟಿದ್ದು!"

ಇರಬಹುದು. ಇರಲಿಕ್ಕೂ ಇಲ್ಲ. ಚಿಕಿತ್ಸೆ ಇಲ್ಲದೆ ಕ್ಲಮೈಡಿಯಾ ತಿಂಗಳುಗಟ್ಟಲೆ, ಕೆಲವರಲ್ಲಿ ವರ್ಷಕ್ಕೂ ಮೀರಿ ಸದ್ದಿಲ್ಲದೆ ಉಳಿಯುತ್ತದೆ. ಅವಳು ಈ ಮೊದಲು ಒಮ್ಮೆಯೂ ಕ್ಲಮೈಡಿಯಾ ಟೆಸ್ಟ್ ಮಾಡಿಸಿರಲಿಲ್ಲ. 7 ತಿಂಗಳ ಹಿಂದಿನ ಸಂಬಂಧದಿಂದ ಬಂದದ್ದೂ ಇರಬಹುದು. 15ನೇ ದಿನದ ಪಾಸಿಟಿವ್ ಸೋಂಕು ಇದೆ ಅಂತ ಹೇಳುತ್ತದೆ, ಯಾವತ್ತು ಬಂತು, ಯಾರಿಂದ ಬಂತು ಅಂತ ಹೇಳುವುದಿಲ್ಲ. ಈ ಒಂದು ವಿಷಯ ಗೊತ್ತಿಲ್ಲದೆ ಮುರಿದುಬಿದ್ದ ಸಂಬಂಧಗಳನ್ನು ನಾನು ನೋಡಿದ್ದೇನೆ. ಅದಕ್ಕೇ ಅವಳಿಗೆ ಅವತ್ತು ರಾತ್ರಿ ಅವನಿಗೆ ಮೆಸೇಜ್ ಹಾಕಬೇಡ, ಒಂದು ನಿದ್ದೆ ಆಗಲಿ ಅಂದೆ.

ಮನೆಯಲ್ಲಿ ಮೊದಲೆಂದೋ ಉಳಿದಿದ್ದ ಅಜಿತ್ರೊಮೈಸಿನ್ ಅನ್ನುವ ಆಂಟಿಬಯೋಟಿಕ್ ಮಾತ್ರೆ ಇತ್ತಂತೆ. ಅದನ್ನೇ ನುಂಗಲಾ ಅಂತ ಕೇಳಿದಳು. ಬೇಡವೇ ಬೇಡ ಅಂದೆ. ಅರ್ಧಂಬರ್ಧ ಔಷಧಿ ಸೋಂಕನ್ನೂ ಪೂರ್ತಿ ಕಳೆಯುವುದಿಲ್ಲ, ಮುಂದಿನ ಟೆಸ್ಟನ್ನೂ ಗೊಂದಲ ಮಾಡುತ್ತದೆ.

ಮಾರನೇ ದಿನ, ಅಂದರೆ 21ನೇ ದಿನ, ಡಾಕ್ಟರ್ ಹತ್ತಿರ ಹೋದಳು. ಅವರು ಮೊದಲು ಗರ್ಭ ಪರೀಕ್ಷೆ ಮಾಡಿಸಿದರು. ಅದಕ್ಕೂ ದಿನದ ಲೆಕ್ಕ ಇದೆ, ಸಂಭೋಗವಾಗಿ 21 ದಿನ ಕಳೆದರೆ ಉತ್ತರ ನಂಬಬಹುದು. ಗರ್ಭ ಇಲ್ಲ ಅಂತ ಖಾತ್ರಿಯಾದ ಮೇಲೆ ಡಾಕ್ಸಿಸೈಕ್ಲಿನ್ 100 ಮಿಲಿಗ್ರಾಂ, ದಿನಕ್ಕೆ ಎರಡು ಸಲ, 7 ದಿನ ಬರೆದುಕೊಟ್ಟರು. ಬಸುರಿಯರಿಗೆ ಈ ಔಷಧಿ ಕೊಡುವುದಿಲ್ಲ. ಲೋಟ ತುಂಬ ನೀರು ಕುಡಿದು ನುಂಗಬೇಕು, ನುಂಗಿದ ತಕ್ಷಣ ಮಲಗಬಾರದು, ಬಿಸಿಲಿಗೆ ಮೈ ಒಡ್ಡಬಾರದು. ಇಬ್ಬರ ಚಿಕಿತ್ಸೆಯೂ ಮುಗಿಯುವವರೆಗೆ ಸಂಪರ್ಕ ಬೇಡ.

ಅವನಿಗೆ ಹೇಳಿದ್ದು ಅವಳೇ. ನಾವು ಮೊದಲೇ ವಾಕ್ಯಗಳನ್ನು ಹೇಳಿ ನೋಡಿಕೊಂಡಿದ್ದೆವು. "ನನ್ನ ಟೆಸ್ಟಲ್ಲಿ ಕ್ಲಮೈಡಿಯಾ ಬಂದಿದೆ. ಯಾರಿಂದ ಬಂತು ಅಂತ ಈ ಟೆಸ್ಟಲ್ಲಿ ಗೊತ್ತಾಗಲ್ಲ. ನೀನೂ ಡಾಕ್ಟರ್ ಹತ್ರ ಹೋಗು, ಒಂದು ವಾರದ ಮಾತ್ರೆ ಅಷ್ಟೇ." ಅವನು ಮೊದಲು "ನಂಗೇನೂ ಇಲ್ಲ" ಅಂದ. ಎರಡು ದಿನ ಬಿಟ್ಟು ಹೋದ. ಡಾಕ್ಟರ್ ರಿಪೋರ್ಟ್‌ಗೆ ಕಾಯದೆ ಚಿಕಿತ್ಸೆ ಶುರು ಮಾಡಿದರು, ಸಂಗಾತಿಗೆ ಪಾಸಿಟಿವ್ ಬಂದಾಗ ಹಾಗೆ ಮಾಡುವುದೇ ಕ್ರಮ. ಅವನ ಕ್ಲಮೈಡಿಯಾ ರಿಪೋರ್ಟೂ ಪಾಸಿಟಿವ್ ಬಂತು, ಎಚ್‌ಐವಿ ನೆಗೆಟಿವ್. ಯಾರಿಂದ ಯಾರಿಗೆ ಅನ್ನುವುದು ಇವತ್ತಿಗೂ ಗೊತ್ತಿಲ್ಲ.

42ನೇ ದಿನ, ರಾತ್ರಿ 11 ಗಂಟೆ

ಎಲ್ಲ ಸರಿಹೋಯಿತು ಅಂದುಕೊಂಡಿದ್ದೆ. ಅವತ್ತು ರಾತ್ರಿ ಫೋನ್ ಬಂತು. ಮಾತೇ ಹೊರಡುತ್ತಿಲ್ಲ, ಬರೀ ಬಿಕ್ಕುತ್ತಿದ್ದಾಳೆ.

"ಹೋಗಿಲ್ಲ ಅಕ್ಕಾ. ಮಾತ್ರೆ ಎಲ್ಲಾ ನುಂಗಿದೆ, ಒಂದೂ ತಪ್ಪಿಸಿಲ್ಲ. ಆದ್ರೂ ಪಾಸಿಟಿವ್."

ಮಾತ್ರೆ ಮುಗಿದು 10 ದಿನಕ್ಕೆ, ಯಾರನ್ನೂ ಕೇಳದೆ, ಇನ್ನೊಂದು ಸ್ವಾಬ್ ಕಿಟ್ ತರಿಸಿ ಕಳಿಸಿದ್ದಳು. ಅದರ ರಿಪೋರ್ಟ್ ಈಗ ಬಂದಿತ್ತು. ತಪ್ಪು ನನ್ನದೂ ಇತ್ತು. ಮತ್ತೆ ಟೆಸ್ಟ್ ಮಾಡುವುದು ಯಾವಾಗ ಅಂತ ಅವಳ ಕ್ಯಾಲೆಂಡರ್‌ನಲ್ಲಿ ನಾನು ಬರೆಸಿರಲಿಲ್ಲ. ಅವಳು ಕೇಳಿರಲಿಲ್ಲ, ನಾನೇ ಹೇಳಬೇಕಿತ್ತು.

ಈ ಟೆಸ್ಟ್ ವಂಶವಾಹಿಯನ್ನು ಹುಡುಕುತ್ತದೆ ಅಂದೆನಲ್ಲ. ರೋಗಾಣು ಬದುಕಿದೆಯಾ ಸತ್ತಿದೆಯಾ ಅನ್ನುವುದು ಅದಕ್ಕೆ ಗೊತ್ತಾಗುವುದಿಲ್ಲ. ಔಷಧಿಗೆ ಸತ್ತ ರೋಗಾಣುವಿನ ಚೂರುಗಳು ಮೈಯಿಂದ ಪೂರ್ತಿ ಹೋಗಲು ಕೆಲವು ವಾರ ಬೇಕು. ಅಷ್ಟರೊಳಗೆ ಟೆಸ್ಟ್ ಮಾಡಿದರೆ ಆ ಚೂರನ್ನೇ ಹಿಡಿದು ಪಾಸಿಟಿವ್ ಅನ್ನಬಹುದು. ಅದಕ್ಕೇ ಚಿಕಿತ್ಸೆಯ ನಂತರ 4 ವಾರದೊಳಗೆ ಈ ಟೆಸ್ಟ್ ಮಾಡಬೇಡಿ ಅನ್ನುವುದು. ಮಾತ್ರೆ ಸರಿಯಾಗಿ ತೆಗೆದುಕೊಂಡಿದ್ದು, ಲಕ್ಷಣ ಇಲ್ಲದಿದ್ದು, ಬಸುರಿ ಅಲ್ಲದಿದ್ದರೆ ಗುಣವಾಯಿತಾ ಅಂತ ನೋಡುವ ಟೆಸ್ಟ್ ಸಾಮಾನ್ಯವಾಗಿ ಬೇಕಾಗುವುದೇ ಇಲ್ಲ. ಬೇಕಾಗುವುದು ಸುಮಾರು 3 ತಿಂಗಳಿಗೆ ಇನ್ನೊಂದು ಟೆಸ್ಟ್, ಅದು ಸೋಂಕು ಮತ್ತೆ ತಗುಲಿದೆಯಾ ಅಂತ ನೋಡಲು.

6ನೇ ದಿನ ಅವಳು ಸುಮ್ನೆ ನೆಮ್ಮದಿಪಟ್ಟಳು. 42ನೇ ದಿನ ಸುಮ್ನೆ ಎದೆ ಒಡೆದುಕೊಂಡಳು. ಎರಡರಲ್ಲೂ ಕಿಟ್ ಕೆಟ್ಟಿರಲಿಲ್ಲ.

ನನ್ನ ಕೈಲಿ ಇದ್ದದ್ದು ವಿವರಣೆ ಮಾತ್ರ. ಮಾರನೇ ದಿನ ಅವಳು ಡಾಕ್ಟರಿಗೂ ಆ ರಿಪೋರ್ಟ್ ತೋರಿಸಿದಳು. ಚಿಕಿತ್ಸೆ ಮುಗಿದ ಮೇಲೆ ಇಬ್ಬರೂ ಮತ್ತೆ ಸೇರಿರಲಿಲ್ಲ, ಮಾತ್ರೆ ತಪ್ಪಿರಲಿಲ್ಲ. ಹಾಗಾಗಿ ಅವರು ಇನ್ನೊಂದು ಕೋರ್ಸ್ ಕೊಡದೆ, ಕಾಯಲು ಹೇಳಿದರು.

ಉಳಿದ ದಿನಗಳು

46ನೇ ದಿನ ಲ್ಯಾಬಿಗೆ ಹೋಗಿ ರಕ್ತ ಕೊಟ್ಟಳು. 90 ದಿನ ಕಾಯುವ ಶಕ್ತಿ ಇಲ್ಲ ಅಂದಿದ್ದಳು, ಅದು ಅವಳ ಆಯ್ಕೆ. ಎಚ್‌ಐವಿ ನೆಗೆಟಿವ್. 45 ದಿನ ದಾಟಿದ ಈ ಲ್ಯಾಬ್ ಟೆಸ್ಟ್ ನೆಗೆಟಿವ್ ಬಂದರೆ ಆ ರಾತ್ರಿಯ ಮಟ್ಟಿಗೆ ಎಚ್‌ಐವಿಯ ವಿಷಯ ಮುಗಿಯಿತು. ಪೆಪ್ ತೆಗೆದುಕೊಂಡವರಿಗೆ ಈ ಲೆಕ್ಕ ಅನ್ವಯಿಸುವುದಿಲ್ಲ, ಅವರು ಡಾಕ್ಟರ್ ಕೊಟ್ಟ ದಿನಗಳನ್ನೇ ಪಾಲಿಸಬೇಕು.

91ನೇ ದಿನ ಮನೆಯಲ್ಲೇ ಸಿಫಿಲಿಸ್ ಕಿಟ್. ಈ ಸಲ ಅವಳ ಕೈ ನಡುಗಲಿಲ್ಲ. ಬೆಚ್ಚಗಿನ ನೀರಲ್ಲಿ ಕೈ ತೊಳೆದು, ಒರೆಸಿ, ಬೆರಳ ತುದಿಯ ಪಕ್ಕದಲ್ಲಿ ಚುಚ್ಚಿ, ರಕ್ತದ ಹನಿ ಹಾಕಿ, ಫೋನಿನಲ್ಲಿ ಟೈಮರ್ ಇಟ್ಟಳು. ಕಿಟ್‌ನ ಕಾಗದದಲ್ಲಿ ಎಷ್ಟು ನಿಮಿಷಕ್ಕೆ ನೋಡಬೇಕು ಅಂತ ಇದೆಯೋ ಅಷ್ಟಕ್ಕೇ ನೋಡಬೇಕು. ತುಂಬ ಹೊತ್ತು ಬಿಟ್ಟರೆ ಒಣಗಿ ಸುಳ್ಳು ಗೆರೆ ಮೂಡಬಹುದು. ಸಿ ಗೆರೆಯೇ ಬರದಿದ್ದರೆ ಆ ಕಿಟ್ ಕೆಲಸ ಮಾಡಿಲ್ಲ ಅಂತ. ಸರಿಯಾದ ಹೊತ್ತಿಗೆ ಮೂಡಿದ ಟಿ ಗೆರೆ ಎಷ್ಟೇ ಮಸುಕಾಗಿದ್ದರೂ ಅದನ್ನು ಗೆರೆ ಅಂತಲೇ ಎಣಿಸಿ ಲ್ಯಾಬಿನಲ್ಲಿ ಖಚಿತ ಮಾಡಿಸಿಕೊಳ್ಳಬೇಕು. ಹಿಂದೆ ಯಾವಾಗಲೋ ಸಿಫಿಲಿಸ್ ಬಂದು ವಾಸಿಯಾದವರಿಗೆ ಈ ಕಿಟ್ ಉಪಯೋಗವಿಲ್ಲ. ಅವರಲ್ಲಿ ಹೆಚ್ಚಿನವರಿಗೆ ಆ ಗೆರೆ ಜೀವನಪೂರ್ತಿ ಬರುತ್ತಲೇ ಇರುತ್ತದೆ.

ಅವಳಿಗೆ ಬಂದದ್ದು ಒಂದೇ ಗೆರೆ. ಫೋಟೋ ಕಳಿಸಿ ಕೆಳಗೆ ಬರೆದಿದ್ದಳು: "ಈ ಗೆರೆಗೆ ಗೊತ್ತು ತಾನೇ ಅಕ್ಕಾ?" ಗೊತ್ತು ಅಂತ ಬರೆದೆ.

118ನೇ ದಿನ, ಮಾತ್ರೆ ಮುಗಿದು 3 ತಿಂಗಳಿಗೆ, ಕೊನೆಯ ಸ್ವಾಬ್. ಕ್ಲಮೈಡಿಯಾ ಇಲ್ಲ.

ಈಗ ಅವರಿಬ್ಬರೂ ಜೊತೆಗೇ ಇದ್ದಾರೆ. ಕಾಂಡೋಮ್ ಬಿಡುವ ಮುಂಚೆ ಅವನೂ ತನ್ನ ದಿನಗಳನ್ನು ಎಣಿಸಿ ಟೆಸ್ಟ್ ಮುಗಿಸಿದ. ಮುಂದೆ ಎಷ್ಟು ದಿನಕ್ಕೊಮ್ಮೆ ಅಂತ ಕೇಳಿದಳು. ಇಬ್ಬರೂ ಬೇರೆಯವರ ಜೊತೆ ಇಲ್ಲದಿದ್ದರೆ ವರ್ಷಕ್ಕೊಂದು ಸಲ ಸಾಕು. ಸಂಗಾತಿಗಳು ಬದಲಾಗುತ್ತಿದ್ದರೆ 3ರಿಂದ 6 ತಿಂಗಳಿಗೊಮ್ಮೆ. ಹೊಸಬರ ಜೊತೆ ಶುರುವಾದರೆ ಮತ್ತೆ ಸೊನ್ನೆಯಿಂದ ಎಣಿಕೆ.

ಅವಳ ಡ್ರಾಯರ್‌ನಲ್ಲಿ ಬಳಸದ ಎಚ್‌ಐವಿ ಕಿಟ್ ಇನ್ನೊಂದಿದೆಯಂತೆ. ಮೊದಲ ವಾರದ ಗಾಬರಿಯಲ್ಲಿ ಎರಡು ತರಿಸಿದ್ದಳು. ಎಕ್ಸ್‌ಪೈರಿ ನೋಡು ಅಂದೆ. ಇನ್ನೂ 9 ತಿಂಗಳಿದೆ ಅಂದಳು.